ತಮ್ಮ ಕೊಟ್ಟ ಸೈಕಲ್ಲಿನ ಉದ್ದ

ನನ್ನ ತಮ್ಮನಿಗೆ ಸೈಕಲ್ ಕಲಿಸಿದವನು ನಾನು. ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುವುದನ್ನು ನಮ್ಮೂರು ಪೂರಿಗಾಲಿಯ ನಾಲೆ ಏರಿಯ ಮೇಲೆ ಕಲಿಸಿದೆ. ಬಿದ್ದಾಗಲೆಲ್ಲ ಸೈಕಲ್ಲು ಬಿಟ್ಟು ಮೊದಲು ಅವನನ್ನು ಎತ್ತಿದೆ. ಇದನ್ನು ಮೊದಲಿಗೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಅವನ ಬಾಯಿಂದ ಬಂದ ಒಂದು ಮಾತು ನನ್ನನ್ನು ಅಷ್ಟು ಯಾಕೆ ಸುಟ್ಟಿತು ಎಂಬುದು ಇದಿಲ್ಲದೆ ತಿಳಿಯುವುದಿಲ್ಲ.

ನಾನು ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಎಳನೀರು ಕೀಳುವುದು ನನ್ನ ಕಸುಬು. ಮರ ನಾನೇ ಹತ್ತುತ್ತಿದ್ದೆ, ಗೊನೆ ನಾನೇ ಇಳಿಸುತ್ತಿದ್ದೆ, ಮದ್ದೂರಿನ ಮಾರುಕಟ್ಟೆಗೆ ಹೋಗುವ ಲಾರಿಗೆ ನಾನೇ ತುಂಬುತ್ತಿದ್ದೆ. ಲಗೇಜ್ ಆಟೋ ಬರುವ ಮುಂಚೆ ಸೈಕಲ್ಲಿನ ಎರಡೂ ಕಡೆ ಗೊನೆ ಕಟ್ಟಿಕೊಂಡು ವರ್ಷಗಟ್ಟಲೆ ಮಳವಳ್ಳಿಗೆ ತುಳಿದಿದ್ದೇನೆ. ತಮ್ಮ ಓದಿದ, ಮಂಡ್ಯದಲ್ಲಿ ಕೆಲಸ ಹಿಡಿದ. ಅದಕ್ಕೆ ನನಗೆ ಹೊಟ್ಟೆಯುರಿಯಿಲ್ಲ. ಅವನ ಓದಿನಲ್ಲಿ ನನ್ನ ಬೆವರಿದೆ ಎಂದು ಯಾರ ಹತ್ತಿರವೂ ಹೇಳಿಕೊಂಡು ತಿರುಗಿದವನೂ ಅಲ್ಲ.

ಹೋದ ವರ್ಷ ಒಂದು ಭಾನುವಾರ ಅವನು ಕಾರಿನ ಹಿಂದೆ ಒಂದು ಸೈಕಲ್ ಕಟ್ಟಿಕೊಂಡು ಬಂದ. ಗುಡ್ಡ ಹತ್ತಿ ಇಳಿಯುವ ಸೈಕಲ್ಲಂತೆ. ಮುಂದಿನ ಚಕ್ರ ಹಿಡಿದ ಫೋರ್ಕಿನಲ್ಲಿ ಗುದ್ದು ತಡೆಯುವ ಶಾಕು, ಫ್ರೇಮಿನ ನಡುವೆ ಇನ್ನೊಂದು ಶಾಕು. ಕಲ್ಲು ಸಿಕ್ಕರೆ ಹಿಂದಿನ ಚಕ್ರ ಬೇರೆಯಾಗಿಯೇ ಮೇಲೆದ್ದು ಕೂರುತ್ತಿತ್ತು. ಫೋರ್ಕು ನಮ್ಮ ಸೈಕಲ್ಲುಗಳ ಹಾಗೆ ನೆಟ್ಟಗೆ ಇಳಿದಿರಲಿಲ್ಲ, ಮುಂದಕ್ಕೆ ಚಾಚಿಕೊಂಡಿತ್ತು. ಹಾಗಿದ್ದರೇ ಇಳಿಜಾರಿನಲ್ಲಿ ಮುಗ್ಗರಿಸುವುದಿಲ್ಲ ಎಂದು ವಿವರಿಸಿದ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ. ಪಕ್ಕದ ಮನೆಯವನು ಒಂದು ಸುತ್ತು ಬಂದು ನೋಡಿ, “ಗೊನೆಯ ಎಲ್ಲಿಗ್ ಕಟ್ಟೀಯಲಾ, ನಿನ್ ಕತ್ತಿಗಾ?” ಎಂದ. ಎಲ್ಲರೂ ನಕ್ಕೆವು. ಇಷ್ಟು ದಿನ ಹೊರೆ ಹೊತ್ತೇ ತುಳಿದೆ, ಇನ್ನು ಸುಮ್ಮನೆ ಖುಷಿಗೆ ತುಳಿ ಎಂದು ತಮ್ಮ ಅದನ್ನು ನನ್ನ ಕೈಗೆ ಕೊಟ್ಟ. ನಾನು ಯಾರಿಂದಲೂ ಬಿಟ್ಟಿ ತೆಗೆದುಕೊಳ್ಳುವವನಲ್ಲ. ಆ ಮಾತಿಗೆ ಕರಗಿಬಿಟ್ಟೆ.

ಹತ್ತಿ ಕೂತಾಗಲೇ ಹ್ಯಾಂಡಲ್ ದೂರವೆನಿಸಿತು. ಹೇಳಿದೆ. ಅವನು ಸೀಟು ಇಳಿಸಿ, ಈಗ ಸರಿಹೋಯಿತು ಎಂದ. ಕಾಲು ನೆಲಕ್ಕೆ ಎಟುಕಿತು, ನಿಜ. ಸೀಟು ಇಳಿಸಿದರೆ ಎತ್ತರ ಕಡಿಮೆಯಾಗುತ್ತದೆ, ಉದ್ದ ಎಲ್ಲಿ ಕಡಿಮೆಯಾಗುತ್ತದೆ? ಆ ಉದ್ದ ಫ್ರೇಮಿನಲ್ಲೇ ಬೆಸೆದದ್ದು. ಆದರೂ ತಿಳಿದವನು ಹೇಳುತ್ತಿದ್ದಾನೆ, ಇಂಥ ಸೈಕಲ್ಲು ಹೀಗೇ ಇರಬೇಕೇನೋ ಎಂದು ಸುಮ್ಮನಾದೆ.

ಮುಂದಿನ ವಾರ ಇಬ್ಬರೂ ಪವರ್ ಹೌಸಿರುವ ಬ್ಲಫ್ ಹತ್ತಿರದ ಗುಡ್ಡಕ್ಕೆ ಹೋದೆವು. ಅವನ ಹತ್ತಿರ ಅಂಥದೇ ಇನ್ನೊಂದು, ಹೊಸದು, ಇತ್ತು. ಇಳಿಯುವ ಕಾಲುದಾರಿಯ ತುಂಬ ಸಡಿಲ ಜಲ್ಲಿ. ತಿರುವಿನಲ್ಲಿ ಮೈಭಾರವನ್ನು ಮುಂದಿನ ಚಕ್ರದ ಮೇಲೆ ಹಾಕು ಎಂದು ಅವನು ಮುಂದಿನಿಂದ ಕೂಗಿ ಹೇಳಿದ. ಹಾಕುವುದು ಹೇಗೆ? ತೋಳುಗಳು ಆಗಲೇ ಕೋಲಿನಂತೆ ನೆಟ್ಟಗಾಗಿದ್ದವು, ಮೈ ಹಿಂದೆಯೇ ಉಳಿದಿತ್ತು. ಭಾರ ಬೀಳದ ಮುಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು. ಬಲಭುಜ ಅಡಿಯಾಗಿ ಬಿದ್ದೆ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ಬೆಳಗ್ಗೆ ವಾಕಿಂಗಿಗೆ ಬಂದಿದ್ದ ಪವರ್ ಹೌಸಿನ ನೌಕರರು ಓಡಿಬಂದು ಏನಾಯಿತೆಂದು ಕೇಳಿದರು. ತಮ್ಮ ನನ್ನನ್ನು ಎತ್ತಿ ಕೂರಿಸುತ್ತಲೇ, “ಏನಿಲ್ಲ ಸಾರ್, ನಮ್ಮಣ್ಣಂಗೆ ಓಡ್ಸಕೆ ಬರಲ್ಲ,” ಎಂದ.

ಅದನ್ನೇ ಆಸ್ಪತ್ರೆಯಲ್ಲೂ ಹೇಳಿದ, ಮನೆಗೆ ಬಂದು ಅಮ್ಮನಿಗೂ ಹೇಳಿದ. ಮಾತು ಊರಿಗೆ ಹಬ್ಬಿತು. ಟೀ ಅಂಗಡಿಯಲ್ಲಿ ನನಗಿಂತ ಕಿರಿಯರು, ಸೈಕಲ್ ಕಲಿಸಿಕೊಡಲಾ ಎಂದು ಕೇಳಿದರು. ಸೈಕಲ್ಲಿನ ಮೇಲೇ ಊರಿನ ಅರ್ಧ ಎಳನೀರನ್ನು ಸಾಗಿಸಿದವನಿಗೆ.

ಭುಜದ ಪಟ್ಟಿ ಬಿಚ್ಚಿದ ಮೇಲೆ, ಸೊಟ್ಟಗಾಗಿದ್ದ ಹ್ಯಾಂಡಲ್ ಸರಿಮಾಡಿಸಲು ಸೈಕಲ್ಲನ್ನು, ಫ್ರೇಮಿಗೆ ಅಂಟಿಸಿದ್ದ ಚೀಟಿಯಲ್ಲಿ ವಿಳಾಸವಿದ್ದ ಮೈಸೂರಿನ ಅಂಗಡಿಗೆ ಒಯ್ದೆ. ಮುರಿದದ್ದನ್ನು ಮುರಿದಂತೆಯೇ ಇಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಮೆಕ್ಯಾನಿಕ್ಕು ನೋಡಿದ ಕೂಡಲೇ ಸೈಕಲ್ಲಿನ ಗುರುತು ಹಿಡಿದ. ನನ್ನನ್ನು ಹತ್ತಿಸಿ ನೋಡಿ, ನಿಮಗೆ ಎರಡು ಸೈಜು ದೊಡ್ಡದು ಎಂದ. ಇದನ್ನು ಕೊಂಡವರಿಗೇ ಉದ್ದವಾಗಿತ್ತು, ತಿರುವಿನಲ್ಲಿ ಮುಂದಿನ ಚಕ್ರ ಜಾರುತ್ತದೆ ಎಂದು ದೂರು ತಂದಿದ್ದರು, ಕೊನೆಗೆ ಸಣ್ಣ ಫ್ರೇಮಿನದು ಬೇರೆ ತೆಗೆದುಕೊಂಡರು ಎಂದ. ಅವರು ನನ್ನ ತಮ್ಮ ಎಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಡುವ ದಿನ ತಮ್ಮ ಬಂದ. ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ.

“ಗೊತ್ತಿತ್ತು ಕಣಣ್ಣ. ನಿಂಗ್ ಗೊತ್ತಾಗಕಿಲ್ಲ ಅಂದ್ಕಂಡೆ.”

“ಕೊಟ್ಟಿದ್ಕಲ್ಲ ಕಣ್ಲಾ ನನ್ ಸಿಟ್ಟು. ಓಡ್ಸಕೆ ಬರಲ್ಲ ಅಂದ್ಯಲ್ಲ, ಅದ ವಾಪಸ್ ತಗ. ಇವತ್ತೇ, ಎಲ್ರ ಮುಂದೆ.”

“ಹೇಳ್ತೀನಿ ಬುಡು,” ಎಂದ.

ಎಡೆ ಮುಗಿದು ನೆಂಟರೆಲ್ಲ ಮುದ್ದೆ, ಬಾಡಿನ ಸಾರಿಗೆ ಎಲೆಯ ಮುಂದೆ ಕೂತರು. ಸೋದರಮಾವ ನನ್ನ ಭುಜ ನೋಡಿ, ಈಗಲಾದರೂ ಬ್ಯಾಲೆನ್ಸು ಬಂತೇನಪ್ಪ ಎಂದು ಕೆಣಕಿದರು. ನಾನು ತಮ್ಮನ ಮುಖ ನೋಡಿದೆ. ಅವನು ಮುದ್ದೆ ಮುರಿಯುತ್ತ, “ಆ ಸೈಕಲ್ಲೇ ಸರಿಯಿಲ್ಲ ಮಾವ. ಅದ ಮಾರ್ಬುಟ್ಟು ಅಣ್ಣಂಗೆ ಒಳ್ಳೇದೊಂದ್ ತಕ್ಕೊಡ್ತೀನಿ,” ಎಂದ. ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ತಪ್ಪನ್ನು ಬಾಯಿಲ್ಲದ ಸೈಕಲ್ಲಿನ ಮೇಲೆ ಹೊರಿಸಿ ಅವನು ಮತ್ತೊಂದು ಸಲ ಧಾರಾಳಿಯಾದ.

“ಸೈಕಲ್ ಸರಿಯಾಗೇ ಐತೆ,” ಎಂದೆ. “ಇವ್ನಿಗೇ ಉದ್ದ ಆಗಿತ್ತು. ಅದ್ಕೇ ಇವ್ನಿಗಿಂತ ಕುಳ್ಳ ಇರೋ ನಂಗ್ ಕೊಟ್ಟ.”

ಬಡಿಸುತ್ತಿದ್ದ ಅಮ್ಮ ಸೌಟು ಹಿಡಿದು ನಿಂತಳು. “ಪುಕ್ಸಟ್ಟೆ ಬಂದ ಎಮ್ಮೆಗೆ ಅಲ್ಲು ಇಡ್ದು ನೋಡ್ಬಾರ್ದು ಕಣಪ್ಪ, ಅದೂ ಎಡೆ ದಿವ್ಸ,” ಎಂದು ತಮ್ಮನ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಅವನು ಅದನ್ನು ಮುಟ್ಟದೆ ಎದ್ದು ಕೈ ತೊಳೆದ. ಅಷ್ಟಕ್ಕೆ ತೀರ್ಪಾಗಿ ಹೋಯಿತು. ಅಪ್ಪನ ಎಡೆಯ ದಿನ ಒಡಹುಟ್ಟಿದವನನ್ನು ಎಲೆಯ ಮುಂದಿನಿಂದ ಎಬ್ಬಿಸಿದವನು ನಾನು. ಉಳಿದದ್ದೇನೂ ಯಾರಿಗೂ ಬೇಕಾಗಲಿಲ್ಲ.

ಈಗ ಅವನು ಫೋನು ಮಾಡುವುದು ಅಮ್ಮನಿಗೆ ಮಾತ್ರ. ನನ್ನ ಭುಜ ಹೇಗಿದೆ ಎಂದು ಕೇಳುತ್ತಾನೆ. ಚೆನ್ನಾಗವ್ನೆ ಕಣಪ್ಪ ಎಂದು ಅಮ್ಮ ಹೇಳುವುದು ಜಗುಲಿಗೆ ಕೇಳಿಸುತ್ತದೆ. ಬಲಗೈ ಇನ್ನೂ ಪೂರ್ತಿ ಮೇಲೆ ಹೋಗುವುದಿಲ್ಲ. ಮರಕ್ಕೆ ಆಳು ಹತ್ತಿಸಿ, ನಾನು ಕೆಳಗೆ ನಿಂತು ಗೊನೆಯ ಹಗ್ಗ ಹಿಡಿಯುತ್ತೇನೆ. ಒಮ್ಮೊಮ್ಮೆ ಅಮ್ಮ ಫೋನು ಹಿಡಿದುಕೊಂಡೇ ಬಾಗಿಲಿಗೆ ಬಂದು, ಮಾತಾಡುತ್ತೀಯಾ ಎನ್ನುತ್ತಾಳೆ. ಆ ಮಾತು ವಾಪಸ್ ತೆಗೆದುಕೊಳ್ಳಲು ಮಾಡಿದ್ದಾನಾ ಕೇಳು ಎನ್ನುತ್ತೇನೆ. ಅವಳು ಕೇಳುವುದಿಲ್ಲ, ಒಳಕ್ಕೆ ಹೋಗುತ್ತಾಳೆ.