ಗೌಜಲಹಕ್ಕಿಯ ಉತ್ತರ

ಮೆಟ್ರೊ ಇನ್ನೂ ದೆಹಲಿಯ ಹೌಜ್ ಖಾಸ್‌ಗೆ ಬಾರದ ವರ್ಷಗಳವು. ನಮ್ಮ ಕೆಳಗಿನ ಮನೆಯಲ್ಲಿ ಕೊಡಗಿನ ನಿವೃತ್ತ ಸುಬೇದಾರರೊಬ್ಬರಿದ್ದರು. ಭಾನುವಾರ ಬೆಳಿಗ್ಗೆ ನನ್ನನ್ನು ರಿಡ್ಜ್ ಕಾಡಿಗೆ ಕರೆದೊಯ್ಯುತ್ತಿದ್ದರು. ಅಲ್ಲೊಂದು ಬಂಡೆಯ ಮೇಲೆ ಕೂತು, ಎರಡೂ ಅಂಗೈ ಬಾಯಿಗೆ ಹಿಡಿದು ಗೌಜಲಹಕ್ಕಿಯ ಹಾಗೆ ಕೂಗುವರು. ಆಮೇಲೆ ಕಣ್ಣು ಮುಚ್ಚಿ, "ಸ್ವಲ್ಪ ತಡಿ, ಉತ್ತರ ಬರ್ತದೆ" ಎನ್ನುವರು. ಬರುತ್ತಿತ್ತು. ಒಂದು ಪೊದೆಯಿಂದ ಶುರುವಾಗಿ, ಕಾಡಿಗೆ ಕಾಡೇ ಜಗಳಕ್ಕೆ ನಿಂತಂತೆ.

ಬರಬರುತ್ತ ಬಳ್ಳಾರಿ ಜಾಲಿ ದಟ್ಟವಾಯಿತು. ಅದರಡಿ ಹುಲ್ಲು ಹುಟ್ಟಲಿಲ್ಲ, ಹಳೆಯ ಪೊದೆಗಳು ಒಣಗಿದವು. ರಸ್ತೆಯಿಂದ ನೋಡಿದವರಿಗೆ ಮಾತ್ರ ಕಾಡು ಮೊದಲಿಗಿಂತ ಹಸಿರು! ಸುಬೇದಾರರು ಕೂಗಿದರೆ ಈಗ ನವಿಲೊಂದು ಕಿರುಚುತ್ತಿತ್ತು, ಅಷ್ಟೆ. "ಇವನನ್ನು ಯಾರು ಕರೆದದ್ದು?" ಎಂದು ಗೊಣಗಿ ಮತ್ತೆ ಕಾಯುವರು.

ಒಂದು ಚಳಿಗಾಲದ ಬೆಳಿಗ್ಗೆ ಕಾಡಿನ ಗೇಟಿನ ಕಡೆಯಿಂದ ಉತ್ತರ ಬಂತು. ಅವರು ನನ್ನ ತೋಳು ಹಿಡಿದೆಳೆದು, ಮುಳ್ಳನ್ನೂ ಲೆಕ್ಕಿಸದೆ ನಡೆದರು. ಗೇಟಿನ ಹೊರಗೆ ಒಬ್ಬ ಚಹಾ ಕುಡಿಯುತ್ತಿದ್ದ. ಅವನ ಸೈಕಲ್ಲಿಗೆ ಬಟ್ಟೆ ಹೊದಿಸಿದ ಪಂಜರ ತೂಗುತ್ತಿತ್ತು.

"ಮೇರಾ ತೀತರ್ ಹೈ, ಸಾಬ್. ಬಹುತ್ ಬೋಲ್ತಾ ಹೈ," ಎಂದು ಅವನು ಹೆಮ್ಮೆಯಿಂದ ಬಟ್ಟೆ ಸರಿಸಿದ. ಒಳಗೊಂದು ಗೌಜಲಹಕ್ಕಿ; ಬಹಳ ಕೂಗುತ್ತದಂತೆ.

"ಅಚ್ಛಾ," ಎಂದರು ಸುಬೇದಾರರು.

"ಹೋಗೋಣ ಅಂಕಲ್," ಎಂದೆ.

ಅವರು ಕದಲಲಿಲ್ಲ. ಪಂಜರಕ್ಕೆ ಬೆನ್ನು ಹಾಕಿ ನಿಂತು, ಕಾಡಿನ ಕಡೆಗೆ ಮತ್ತೊಮ್ಮೆ ಕೂಗಿದರು. ಹಿಂದಿನಿಂದ ಪಂಜರದ ಹಕ್ಕಿ ಗಂಟಲು ಬಿಚ್ಚಿ ಉತ್ತರಿಸಿತು. ಅವರು ತಿರುಗಲಿಲ್ಲ.

"ಸ್ವಲ್ಪ ತಡಿ," ಎಂದರು, ಕಾಡನ್ನೇ ನೋಡುತ್ತ.