ಜಪಾನಿ ಸಾಹೇಬ, ಯಾರದೂ ಅಲ್ಲದ ಶೂ

'ಆಗಿನ ಕಾಲದಲ್ಲಿ' ಎಂದು ಶುರುಮಾಡುವಷ್ಟು ವಯಸ್ಸು ನನಗಿನ್ನೂ ಆಗಿಲ್ಲ ಅನ್ನುತ್ತಾಳೆ ಅವ್ವ. ಹದಿನೇಳಾಗಿದೆ, ಸಾಕು. ಆಗಿನ ಕಾಲದಲ್ಲಿ, ಅಂದರೆ ನನಗೆ ಒಂಬತ್ತು ವರ್ಷವಿದ್ದಾಗ, ನಾವು ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ ಮೂರನೇ ಮಹಡಿಯ ಫ್ಲಾಟಿನಲ್ಲಿದ್ದೆವು. ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ, ಒಳಗೆ ಕೂತವರ ತಟ್ಟೆಯಲ್ಲಿ ಏನಿದೆ ಎಂದು ನಾನು ಅಡಿಗೆಮನೆಯ ಕಿಟಕಿಯಿಂದಲೇ ಹೇಳುತ್ತಿದ್ದೆ. ಅಪ್ಪ ಏರ್‌ಪೋರ್ಟಿನಲ್ಲಿ ಬ್ಯಾಗು ಎತ್ತುತ್ತಿದ್ದ. ಊರೆಲ್ಲ ಮಲಗಿರುವಾಗ ಹೋಗಿ, ಮಧ್ಯಾಹ್ನ ಬಂದು, ನಿಂತುಕೊಂಡೇ ಚಹಾ ಕುಡಿಯುತ್ತಿದ್ದ. ಕೂತರೆ ನಿದ್ದೆ ಹತ್ತುತ್ತದೆ ಎಂದು. ಒಮ್ಮೆ ರೊಟ್ಟಿ ಕಚ್ಚಿಕೊಂಡೇ ನಿದ್ದೆ ಹೋದಾಗ ಅವ್ವ ಉಳಿದರ್ಧವನ್ನು ಮೆಲ್ಲಗೆ ಎಳೆದು ಡಬ್ಬಿಗೆ ಹಾಕಿದಳು. ಇದರಲ್ಲಿ ಡಬ್ಬಿ ಮಾತ್ರ ನಾನು ಸೇರಿಸಿದ್ದು.

ಆ ವರ್ಷ ದೀಪಾವಳಿ ಶಾಲೆಯ ಅಕ್ಟೋಬರ್ ರಜೆಯಲ್ಲೇ ಬಂತು. ಭಾನುವಾರ ನಮ್ಮ ಮನೆಯಲ್ಲಿ ಊಟ. ಲಂಡನ್ನಿನ ಅರ್ಧ ಕನ್ನಡಿಗರು ನಮ್ಮ ಎರಡು ಕೋಣೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ಎಣ್ಣಿಗಾಯಿ, ಶೇಂಗಾ ಚಟ್ನಿ, ಕರಿಗಡಬು ತಿಂದರು. ಎಲ್ಲರ ಶೂಗಳೂ ಹೊರಗೆ ಮೆಟ್ಟಿಲ ಬಳಿ. ಕೆಳಗಿನ ಮನೆಯ ಬಿಳಿಯಜ್ಜಿ ಅದನ್ನು ನೋಡಿ, ಅಂಗಡಿ ಯಾವಾಗ ಹಾಕಿದಿರಿ ಎಂದು ಕೇಳಿದಳು.

ಮರುದಿನ ಅಪ್ಪ, ಅವ್ವ ಇಬ್ಬರೂ ಕೆಲಸಕ್ಕೆ. ನನ್ನನ್ನು ನೋಡಿಕೊಳ್ಳಲು ಕಿರಣಮಾಮ. ಅವ್ವನ ತಮ್ಮ, ಓದಲು ಧಾರವಾಡದಿಂದ ಬಂದವನು, ನಮ್ಮ ಸೋಫಾದ ಮೇಲೆ ಬೇರುಬಿಟ್ಟಿದ್ದ. ಮಗುವನ್ನು ನೋಡಿಕೊಳ್ಳುವುದೆಂದರೆ ಜೊತೆಗೆ ಕೂರಿಸಿಕೊಂಡು ಜಪಾನಿ ದೆವ್ವದ ಸಿನಿಮಾ ನೋಡುವುದು ಎಂದು ಅವನು ತಿಳಿದಿದ್ದ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನನಗೆ ಧಾರವಾಡ ಕನ್ನಡದಲ್ಲಿ ಓದಿ ಹೇಳುತ್ತಿದ್ದ. ಹೀಗಾಗಿ ನನ್ನ ನೆನಪಿನಲ್ಲಿ ಆ ಸಿನಿಮಾದ ದೆವ್ವವೂ 'ಎಲ್ಲಿ ಹೊಂಟೀಪಾ' ಎಂದೇ ಕೇಳುತ್ತದೆ.

ಕತೆ ಇಷ್ಟೇ. ಜಪಾನಿನಲ್ಲೂ ನಮ್ಮ ಹಾಗೆ ಶೂ ಬಾಗಿಲಲ್ಲೇ ಬಿಡುತ್ತಾರೆ. ಯಾರ ಮನೆಯ ಬಾಗಿಲಲ್ಲಿ ಆ ಮನೆಯವರದಲ್ಲದ ಒಂದು ಜೋಡಿ ಬಂದು ಕೂರುತ್ತದೋ ಆ ಮನೆಯಲ್ಲಿ ಒಬ್ಬರು ಹೋಗುತ್ತಾರೆ. ತನಿಖೆಗೆ ಬರುತ್ತಾನೆ ಒಬ್ಬ ಪೊಲೀಸ್ ಸಾಹೇಬ. ಮುದುಡಿದ ಕೋಟು. ಕಣ್ಣ ಕೆಳಗೆ ಎರಡು ಚೀಲ, ಒಂದೊಂದರಲ್ಲಿ ಒಂದು ವಾರದ ಸಂತೆ ತುಂಬಬಹುದು. ಡಬ್ಬಿಯಲ್ಲಿ ಬರುವ ಕಾಫಿಯನ್ನು ನಿಂತುಕೊಂಡೇ ಕುಡಿಯುತ್ತಾನೆ. ಊರಿನವರೆಲ್ಲ ದೆವ್ವ ಎಂದರೂ ಅವನದು ಒಂದೇ ಮಾತು. ಮಾಮನ ಕನ್ನಡದಲ್ಲಿ: "ಎಲ್ಲಾಕ್ಕೂ ಒಂದು ಕಾರಣ ಇರ್ತೈತಿ. ಯಾರೋ ಮರ್ತು ಬಿಟ್ಟು ಹೋಗ್ಯಾರ." ಕೊನೆಗೊಂದು ಸಂಜೆ ಸಾಹೇಬ ತನ್ನ ಮನೆಗೆ ಬರುತ್ತಾನೆ. ಬಾಗಿಲಲ್ಲಿ ಯಾರದೋ ಶೂ. ಕಾಲಿನಿಂದ ಅದನ್ನು ಬದಿಗೆ ಸರಿಸಿ, ಆಕಳಿಸಿ, ಒಳಗೆ ಹೋಗುತ್ತಾನೆ. ಮುಂದಿನ ಬೆಳಗ್ಗೆ ಬಾಗಿಲಲ್ಲಿ ಸಾಹೇಬನ ಶೂ ಮಾತ್ರ.

"ನೋಡು, ಇಂಥಾ ಪಿಚ್ಚರದಾಗ ನಂಬಲಾರದಾಂವನ ಮೊದಲ ಹೋಗೂದು," ಎಂದ ಮಾಮ, ಉಳಿದ ಕರಿಗಡಬು ಮುರಿಯುತ್ತ.

ನಾನು ಬಾಗಿಲು ತೆಗೆದು ನೋಡಿದೆ. ನನ್ನ ಮಳೆಗಾಲದ ವೆಲ್ಲಿಂಗ್ಟನ್ ಬೂಟು, ಅವ್ವನ ಚಪ್ಪಲಿ, ಮಾಮನ ನಾರುವ ಟ್ರೇನರ್ ಶೂ. ಅವುಗಳ ಪಕ್ಕದಲ್ಲಿ ಗಂಡಸರ ಒಂದು ಜೋಡಿ ಕರಿ ಶೂ. ನಮ್ಮದಲ್ಲ. ಅಪ್ಪನ ಹಬ್ಬದ ಶೂಗಳೂ ಕರಿಯವೇ, ಆದರೆ ಎಡಗಾಲಿನ ಹೆಬ್ಬೆರಳ ಬಳಿ ಒಡೆದಿದ್ದವು. ಇವು ಹೊಳೆಯುತ್ತಿದ್ದವು. ಊಟಕ್ಕೆ ಬಂದವರದು ಅನ್ನೋಣವೆಂದರೆ, ಅಕ್ಟೋಬರ್ ಥಂಡಿಯಲ್ಲಿ ಬರಿಗಾಲಲ್ಲಿ ಮನೆಗೆ ಹೋಗುವ ಕನ್ನಡಿಗ ಯಾರು?

ನಮ್ಮ ಮನೆಯಲ್ಲಿ ಅವ್ವ ಎಲ್ಲವನ್ನೂ ನಂಬುತ್ತಿದ್ದಳು. ಮಾಮ ಪರೀಕ್ಷೆ ಬಂದಾಗ ನಂಬುತ್ತಿದ್ದ. ಏನನ್ನೂ ನಂಬದವನು ಒಬ್ಬನೇ.

ಆ ಒಬ್ಬ ಮೂರೂವರೆಗೆ ಬಂದ. ನಾನು ಮೇಲಿನ ಮೆಟ್ಟಿಲಲ್ಲಿ ಕಾಯುತ್ತಿದ್ದೆ. ಸೇಫ್ಟಿ ಬೂಟು ಬಿಚ್ಚಿದ, ಯಾರದೋ ಶೂ ಅಡ್ಡ ಬಂತು, ಕಾಲಿನಿಂದ ಬದಿಗೆ ಸರಿಸಿದ, ಆಕಳಿಸಿದ. ಆ ಶೂ ಯಾರದು ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆಗ ನಾನು ಮನೆಯಲ್ಲಿ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ದೊರೆಸಾನಿ.

"ಯಾರೋ ಮರ್ತು ಬಿಟ್ಟು ಹೋಗ್ಯಾರವ್ವಾ," ಎಂದ ಅಪ್ಪ.

ಅದೇ ಮಾತು. ಅದೇ ಚೀಲಗಳು ಕಣ್ಣ ಕೆಳಗೆ. ಅಪ್ಪ ನಿಂತುಕೊಂಡು ಚಹಾ ಕುಡಿದ. ನಾನು ಬಾಗಿಲ ಮರೆಯಲ್ಲಿ ನಿಂತು ಅವನು ಉಸಿರಾಡುತ್ತಾನೋ ಇಲ್ಲವೋ ನೋಡಿದೆ.

ಅವ್ವ ಬಂದ ಕೂಡಲೇ ಎಲ್ಲ ಹೇಳಿದೆ. ಮೊದಲು ಮಾಮನಿಗೆ ಬೈಗುಳವಾಯಿತು, ಅದು ಸುಮಾರು ಹೊತ್ತು ನಡೆಯಿತು. ಆಮೇಲೆ ಅವ್ವ ಬಾಗಿಲಿಗೆ ಹೋಗಿ ಶೂಗಳನ್ನು ಸುಮ್ಮನೆ ನೋಡಿ ಬಂದಳು. ದೆವ್ವವಲ್ಲದಿದ್ದರೂ ಹಬ್ಬದ ದಿನ ಅಷ್ಟು ಮಂದಿಯ ನೆದರು, ಅಂದರೆ ದೃಷ್ಟಿ, ಬಿದ್ದಿದೆ, ತೆಗೆದುಬಿಡುತ್ತೇನೆ ಎಂದಳು. ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಕೂರಲು ಒಂದು ಕಾರಣ ಸಿಕ್ಕಿತಲ್ಲ ಎಂದು ಕೂತ, ಕೂತ ಕೂಡಲೇ ಕಣ್ಣು ಮುಚ್ಚಿದ. ಅವ್ವ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವನ ತಲೆಯ ಸುತ್ತ ಇಳಿಸಿದಳು. ಬಂದವರ ನೆದರು, ಹೋದವರ ನೆದರು, ಶೂ ಬಿಟ್ಟವರ ನೆದರು.

ಇದರ ಲೆಕ್ಕ ನನಗೆ ಗೊತ್ತಿತ್ತು. ಮೆಣಸಿನಕಾಯಿ ಸುಟ್ಟಾಗ ಘಾಟು ಬಾರದಿದ್ದರೆ ನೆದರು ಜೋರಾಗಿ ಬಡಿದಿದೆ. ಘಾಟು ಬಂದರೆ ಏನೂ ಆಗಿಲ್ಲ, ಮನುಷ್ಯ ನಿರಾಳ. ಅವ್ವ ರೊಟ್ಟಿ ಸುಡುವ ಹಂಚು ಕಾಯಿಸಿ ಅದರ ಮೇಲೆ ಸುರಿದಳು. ನಾನು ಮೂಗು ಚಾಚಿ ನಿಂತೆ. ಏನೂ ಇಲ್ಲ. ಅಪ್ಪ ಹೋದ ಎಂದುಕೊಂಡೆ.

ಆಮೇಲೆ ಬಂತು. ಊರಿನ ಬ್ಯಾಡಗಿ ಮೆಣಸಿನಕಾಯಿ ಹಬ್ಬಕ್ಕೆ ಮುಗಿದು, ಕ್ವೀನ್ಸ್‌ಬರಿಯ ಅಂಗಡಿಯಿಂದ ತಂದ ಯಾವುದೋ ಸಣ್ಣ ರಾಕ್ಷಸ ಮೆಣಸಿನಕಾಯಿ ಅದು. ಮಾಮ ಸೋಫಾದಿಂದ ಬಿದ್ದ. ಅಪ್ಪ ಎಚ್ಚರಾಗಿ ಕೆಮ್ಮಿದ. ಹೊಗೆ ಹೋಗಲಿ ಎಂದು ಅವ್ವ ಮುಂಬಾಗಿಲು ತೆಗೆದಳು, ಅದೇ ಎಡವಟ್ಟಾಯಿತು. ಮೆಟ್ಟಿಲ ಬಳಿಯ ಅಲಾರ್ಮು ಹೊಡೆದು ಇಡೀ ಬಿಲ್ಡಿಂಗು ಖಾಲಿಯಾಗತೊಡಗಿತು. ಎಲ್ಲರೂ ಕೆಮ್ಮುತ್ತ, ಬೈಯುತ್ತ ಇಳಿಯುತ್ತಿದ್ದಾರೆ. ನಾನೊಬ್ಬಳೇ ನಗುತ್ತಿದ್ದೆ. ಅಪ್ಪನಿಗೆ ಏನೂ ಆಗಿಲ್ಲವೆಂದು ಮೂರು ಮಹಡಿ ಕೆಮ್ಮಿ ಹೇಳುತ್ತಿತ್ತು.

ನಗು ಬಾಗಿಲವರೆಗೆ ಮಾತ್ರ. ಅವಸರದಲ್ಲಿ, ಉರಿಯುವ ಕಣ್ಣಲ್ಲಿ, ಅಪ್ಪ ಕೈಗೆ ಸಿಕ್ಕ ಶೂಗೆ ಕಾಲು ತೂರಿಸುತ್ತಿದ್ದ. ಅದೇ ಶೂ.

"ಅಪ್ಪಾ, ಅವು ಹಾಕ್ಕೋಬ್ಯಾಡಪ್ಪಾ. ನೀ ಹೋಗ್ತಿ."

ಕನ್ನಡದಲ್ಲಿ ಬಂತು. ಎಲ್ಲಿತ್ತೋ ಗೊತ್ತಿಲ್ಲ. ಅಪ್ಪ ಒಂದು ಕ್ಷಣ ನಿಂತು ನನ್ನನ್ನು ನೋಡಿದ. ಆಮೇಲೆ ಎರಡನೆಯ ಕಾಲನ್ನೂ ತೂರಿಸಿ, ನನ್ನನ್ನು ಎತ್ತಿಕೊಂಡು ಇಳಿದ. ಅಷ್ಟು ಬ್ಯಾಗು ಎತ್ತಿ ಬಂದ ತೋಳಿನಲ್ಲಿ.

ಕೆಳಗೆ ಕಾರ್ ಪಾರ್ಕಿನಲ್ಲಿ ನನ್ನನ್ನು ಇಳಿಸಿ, ಆ ಶೂಗಳಲ್ಲೇ ಆ ತುದಿಯಿಂದ ಈ ತುದಿಗೆ ನಡೆದು ತೋರಿಸಿದ. "ಇಲ್ನೋಡು, ನಾ ಇಲ್ಲೇ ಅದೀನಿ. ಎಲ್ಲಿ ಹೊಂಟೀನಿ? ಎಲ್ಲಿಗೂ ಇಲ್ಲ." ಮತ್ತೆ ಒಂದು ಸುತ್ತು ನಡೆದ. ಈ ಸಲ ನನಗಾಗಿ ಅಲ್ಲ ಅನಿಸುತ್ತದೆ. "ಎಷ್ಟು ಮೆತ್ತಗ ಅದಾವ ನೋಡು ಇವು," ಎಂದ. ಆಮೇಲೆ ಬಗ್ಗಿ, ಹಿಮ್ಮಡಿಯ ಹಿಂದೆ ಬೆರಳು ತೂರಿಸಿದ. "ಒಂದು ಸೈಜ್ ದೊಡ್ಡವು. ಅಂದ್ರ ಯಾರೋ ನನ್ನವು ಹಾಕ್ಕೊಂಡು ಹೋಗ್ಯಾರ." ಕೇಸು ಮುಗಿಯಿತು.

ಆ ವಾರದ ಕೊನೆಗೆ, ಊಟಕ್ಕೆ ಬಂದಿದ್ದ ಎಜ್‌ವೇರ್‌ನ ಡಾಕ್ಟರ್ ಅಂಕಲ್ ಫೋನ್ ಮಾಡಿದರು. ಮೈಸೂರಿನವರು, ಮೆತ್ತಗೆ ಮಾತಾಡುವವರು. ಹಬ್ಬದ ದಿನದಿಂದ ಆಸ್ಪತ್ರೆಯಲ್ಲಿ ಡ್ಯೂಟಿಯ ಮೇಲೆ ಡ್ಯೂಟಿ. ಶೂ ಬಿಗಿಯಾಗಿದ್ದು ನೋಡಿ, ಕಾಲು ಬಾತಿದೆ ಎಂದು ತಮ್ಮ ಕಿಡ್ನಿಗೇ ರಕ್ತಪರೀಕ್ಷೆ ಮಾಡಿಸಿಕೊಂಡಿದ್ದರಂತೆ. "ಎಡಗಡೇದು ಒಡೆದಿರೋದು ಇವತ್ತು ನೋಡ್ದೆ ರೀ," ಎಂದರು. ಅಪ್ಪ ಅವರ ಶೂಗಳಿಗೆ ಪಾಲಿಶ್ ಹಚ್ಚಿ ಕೊಟ್ಟ. ಕೊಡುವ ಮುಂಚೆ ಅಡಿಗೆಮನೆಯಲ್ಲಿ ಒಮ್ಮೆ ಹಾಕಿಕೊಂಡು ನಿಂತದ್ದನ್ನು ನಾನು ನೋಡಿದೆ.

ಈಗ ನಾವು ಕ್ವೀನ್ಸ್‌ಬರಿಯಲ್ಲಿದ್ದೇವೆ. ಶೂಗಳಿಗೆ ಬಾಗಿಲಿರುವ ಕಪಾಟು ಬಂದಿದೆ. ಹಬ್ಬದ ಊಟ ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ, ಯಾರೂ ಶೂ ಬಿಚ್ಚುವುದಿಲ್ಲ, ಯಾರದೂ ಅದಲುಬದಲಾಗುವುದಿಲ್ಲ. ಮಾಮ ಮದುವೆಯಾಗಿ ಬೇರೆ ಸೋಫಾ ಹಿಡಿದಿದ್ದಾನೆ. ಶನಿವಾರ ಏರ್‌ಪೋರ್ಟಿನ ಅಂಗಡಿಯೊಂದರಲ್ಲಿ ನಾನೂ ಕೆಲಸ ಮಾಡಿ ಬರುತ್ತೇನೆ, ನಿಂತುಕೊಂಡೇ ಚಹಾ ಕುಡಿಯುತ್ತೇನೆ. ದೆವ್ವದ ಸಿನಿಮಾಗಳಲ್ಲಿ ಈಗ ನನಗೆ ಸಾಹೇಬನ ಕಡೆಯೇ ನ್ಯಾಯ ಕಾಣುತ್ತದೆ.

ಅಪ್ಪನ ಭುಜ ಈಗ ಮೇಲಕ್ಕೆ ಏಳುವುದಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತು, ಎಕ್ಸ್‌ರೇನಲ್ಲೂ ಕಾಣುತ್ತದೆ. ಹೋದ ವಾರ ಕೆಲಸದಿಂದ ಬಂದು, ಯಾರೂ ಹೇಳದೆ ಸ್ಟೂಲಿನ ಮೇಲೆ ಕೂತ. "ಒಂದಿಷ್ಟು ಇಳಿಸಿಬಿಡು," ಎಂದ ಅವ್ವನಿಗೆ, ಕಣ್ಣು ಮುಚ್ಚಿ. ಅವ್ವ ಉಪ್ಪು ಇಳಿಸಿದಳು. ಈ ಮನೆಯ ಅಲಾರ್ಮಿಗೆ ಹೆದರಿ ಅವಳೀಗ ಮೆಣಸಿನಕಾಯಿ ಸುಡುವುದಿಲ್ಲ. ಉಪ್ಪನ್ನು ಸಿಂಕಿಗೆ ಹಾಕಿ ನಲ್ಲಿ ಬಿಡುತ್ತಾಳೆ.

ನಾನು ಬಾಗಿಲಲ್ಲಿ ನಿಂತು ಮೂಗು ಚಾಚಿದೆ. ನೀರಿನ ಸದ್ದಷ್ಟೇ ಇತ್ತು. ಯಾರೂ ಕೆಮ್ಮಲಿಲ್ಲ.