ಎರೆಮಣ್ಣಿಗಾಗಿ ಕಟ್ಟಿದ ಜೀಪು

ಮೊನ್ನೆ ಗದಗಿನ ಬಸ್ ಸ್ಟ್ಯಾಂಡಿನ ಹೊರಗೆ ಆಟೋಕ್ಕಾಗಿ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಕೆಟ್ಟು ನಿಂತ ಟೆಂಪೋ ಒಂದರ ಕೆಳಗಿನಿಂದ ಕಪ್ಪು ಎಣ್ಣೆ ಸೋರಿ ರಸ್ತೆಯ ಮೇಲೆ ಹರಡಿತ್ತು. ಗೇರ್ ಎಣ್ಣೆ. ಇಂಜಿನ್ ಎಣ್ಣೆಯ ವಾಸನೆಯೇ ಬೇರೆ, ಇದರದೇ ಬೇರೆ; ಕೆಟ್ಟ ಬೆಳ್ಳುಳ್ಳಿಯ ಹಾಗೆ ಮೂಗಿಗೆ ಅಡರುತ್ತದೆ. ಜನ ಮೂಗು ಮುಚ್ಚಿಕೊಂಡು ಸರಿದು ಹೋದರು. ಕನ್ನಡ ಕಲಿಸಿ ನಿವೃತ್ತಳಾದ ನಾನು ಮಾತ್ರ ಬಂದ ಆಟೋಗಳನ್ನೂ ಬಿಟ್ಟುಕೊಟ್ಟು ಅಲ್ಲೇ ನಿಂತುಬಿಟ್ಟೆ. ಬೆಟಗೇರಿಯ ಮಿಸ್ತ್ರಿ ನೆನಪಾಗಿದ್ದರು...

ಆಗ ಗದಗ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು. ಊರ ತುಂಬ ಹೊಸ ಬೋರ್ಡುಗಳು, ಹೊಸ ಸಾಹೇಬರು. ನನಗೆ ಲಕ್ಷ್ಮೇಶ್ವರದ ಶಾಲೆಯಿಂದ ಬೆಟಗೇರಿಗೆ ವರ್ಗವಾಯಿತು. ಬಾಡಿಗೆ ಮನೆಯ ಒಂದು ಬದಿಗೆ ಮಗ್ಗದ ಸಪ್ಪಳ, ಇನ್ನೊಂದು ಬದಿಗೆ ಮಿಸ್ತ್ರಿಯ ಸುತ್ತಿಗೆ. ನಲವತ್ತರ ಹತ್ತಿರ ಬಂದರೂ ಮದುವೆಯಾಗದ ಹೆಂಗಸಿಗೆ ಮನೆ ಕೊಡಲು ಹತ್ತು ಪ್ರಶ್ನೆ ಕೇಳುತ್ತಿದ್ದ ಕಾಲ. ಸಿಕ್ಕ ಮನೆಯ ಬಗ್ಗೆ ತಕರಾರು ತೆಗೆಯುವ ಹಾಗಿರಲಿಲ್ಲ. ತೆಗೆಯಬೇಕೆಂದು ಅನಿಸಲೂ ಇಲ್ಲ. ಶಾಲೆ ಬಿಟ್ಟು ಬಂದ ಮೇಲೆ ನನ್ನ ಮನೆಯೊಳಗೆ ಸಪ್ಪಳ ಮಾಡುವವರು ಯಾರೂ ಇರಲಿಲ್ಲ.

ಮಿಸ್ತ್ರಿ ಹಗಲೆಲ್ಲ ಊರವರ ಗಾಡಿ ರಿಪೇರಿ ಮಾಡುತ್ತಿದ್ದರು. ಸಂಜೆಯಾದರೆ ತಮ್ಮದೇ ಹಳೇ ಜೀಪಿನ ಕೆಳಗೆ ಸೇರಿಕೊಳ್ಳುವರು. ಮೊದಮೊದಲು ನನಗೆ ಅವರ ಪರಿಚಯವಾದದ್ದು ಜೀಪಿನ ಕೆಳಗಿಂದ ಹೊರಗೆ ಚಾಚಿಕೊಂಡಿದ್ದ ಎರಡು ಕಾಲುಗಳಾಗಿ ಮಾತ್ರ. ಒಂದು ದಿನ ಚಹಾ ಕೊಟ್ಟೆ. ಗೋಡೆಯ ಆಚೆ ನಿಂತು ಕುಡಿದು, ಲೋಟವನ್ನು ತೊಳೆದು ಕೊಟ್ಟರು. ಅಂದಿನಿಂದ ಸಂಜೆ ಎರಡು ಲೋಟ ಚಹಾ ಇಡುವುದು ರೂಢಿಯಾಯಿತು.

ಅವರ ಹೆಂಡತಿ ತವರಿಗೆ ಹೋಗಿದ್ದಳು. ಹಿರೇವಡ್ಡಟ್ಟಿಯ ಆಚೆ, ಹೊಲದಲ್ಲೇ ಕಟ್ಟಿಕೊಂಡ ಅಣ್ಣನ ಮನೆ. ಜಗಳವಿಲ್ಲ, ಕೂಗಾಟವಿಲ್ಲ, ಸುಮ್ಮನೆ ಹೋದವಳು ತಿರುಗಿ ಬಂದಿರಲಿಲ್ಲ. ಇವರು ಕರೆಯಲು ಹೋದಾಗ, “ಮಳಿಗಾಲದಾಗ ಬಂದು ಕರ್ಕೊಂಡ ಹೋಗ್ರಿ” ಎಂದಿದ್ದಳಂತೆ. ಆ ಕಡೆಯದು ಪೂರಾ ಎರೆಭೂಮಿ. ಮಳೆ ಬಿತ್ತೆಂದರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಎತ್ತಿನ ಚಕ್ಕಡಿಯೂ ಅಲುಗುವುದಿಲ್ಲ. ಆಕೆ ಏನು ಹೇಳಿದಳೆಂದು ನನಗೆ ಕೇಳಿದ ಕೂಡಲೇ ತಿಳಿಯಿತು. ಮಿಸ್ತ್ರಿಗೆ ಮಾತ್ರ ಅದು ಗಾಡಿಯ ಕೆಲಸವಾಗಿ ಕೇಳಿಸಿತ್ತು.

“ಈಗಿನ ಆಕ್ಸಲ್ ಮ್ಯಾಲ ಆ ದಾರಿ ಆಗಂಗಿಲ್ರಿ ಅಕ್ಕೋರ. ಹಿಂದಿಂದು, ಮುಂದಿಂದು ಎರಡೂ ಬದಲಿ ಮಾಡಬೇಕು,” ಎಂದರು.

ಅದು ಆಕ್ಸಲಿನ ಮಾತಲ್ಲರೀ ಎಂದು ಹೇಳಲು ಬಾಯಿ ತೆರೆದೆ. ಆ ಮುಖದಲ್ಲಿದ್ದ ಹುರುಪು ನೋಡಿ ಮಾತನ್ನು ಚಹಾದ ಜೊತೆ ನುಂಗಿಕೊಂಡೆ.

ಶಿರಹಟ್ಟಿಯ ಗುಜರಿಯಲ್ಲಿ ಹುಡುಕಿ ಹುಡುಕಿ, ಮಿಲಿಟರಿ ಹರಾಜಿನಿಂದ ಬಂದ ಯಾವುದೋ ದೊಡ್ಡ ಗಾಡಿಯ ದಪ್ಪ ಆಕ್ಸಲ್‌ಗಳನ್ನು ತಂದರು. ಅಗಲ ಹೊಂದಿಸಲು ಕೊಯ್ದು, ಲೇತಿಗೆ ಹಾಕಿಸಿ, ಮತ್ತೆ ಜೋಡಿಸಿದರು. ಆ ಹಳೇ ಜೀಪಿನಲ್ಲಿ ಪಾಟಾ, ಅಂದರೆ ಕಮಾನಿನ ಪಟ್ಟಿಗಳು, ಆಕ್ಸಲಿನ ಕೆಳಗೆ ಇರುತ್ತವೆ. ಅವನ್ನು ಆಕ್ಸಲಿನ ಮೇಲೆ ಕೂರಿಸಿದರೆ ಗಾಡಿ ಒಂದು ಗೇಣು ಮೇಲೇರುತ್ತದೆ. ಎರೆಮಣ್ಣಿನಲ್ಲಿ ಗಾಡಿ ಸಿಕ್ಕಿಬೀಳುವುದು ಹೊಟ್ಟೆ ನೆಲಕ್ಕೆ ತಾಗಿದಾಗ, ಅದಕ್ಕೆ ಈ ಎತ್ತರ ಬೇಕೇ ಬೇಕು ಎಂದು ನನಗೆ ಕೈಸನ್ನೆ ಮಾಡಿ ತಿಳಿಸಿದರು. ಗಂಡಸೊಬ್ಬ ಕುಳಿತು ನನಗೆ ಏನನ್ನಾದರೂ ಇಷ್ಟು ತಾಳ್ಮೆಯಿಂದ ಹೇಳಿದ್ದು ಅದೇ ಮೊದಲು. ನನಗೆ ಅರ್ಥವಾದದ್ದನ್ನೂ ಇನ್ನೊಮ್ಮೆ ಕೇಳುತ್ತಿದ್ದೆ.

ಪಾಟಾ ಕೂರುವ ತಟ್ಟೆ ಆಕ್ಸಲಿನ ತಳಕ್ಕೆ ಅಂಟಿಕೊಂಡಿರುತ್ತದಲ್ಲ, ಅದನ್ನು ಕಿತ್ತು ಮೇಲೆ ಬೆಸೆಯಬೇಕಿತ್ತು. ಇನ್ನೊಮ್ಮೆ ಬೆಂಕಿ ತಾಗಿದರೆ ಆಕ್ಸಲಿನ ಪೈಪು ಸೊಟ್ಟಗಾದೀತೆಂದು ಮಿಸ್ತ್ರಿಗೆ ಭಯ. ಮೋಡ ಬೇರೆ ಕಟ್ಟತೊಡಗಿತ್ತು. ಹಾಗಾಗಿ ಹಿಂದಿನ ಇಡೀ ಆಕ್ಸಲನ್ನೇ ಬುಡಮೇಲು ಮಾಡಿ ಕೂರಿಸಿದರು. ತಟ್ಟೆ ತಾನಾಗಿ ಮೇಲೆ ಬಂತು. ಖುಷಿಯಿಂದ ಹಾರ್ನ್ ಹೊಡೆದು ಮೊದಲ ಗೇರ್ ಹಾಕಿದ್ದೇ ತಡ, ಜೀಪು ಹಿಂದಕ್ಕೆ ಓಡಿ ನನ್ನ ಕಂಪೌಂಡ್ ಗೋಡೆಗೆ ಗುದ್ದಿತು! ಆಕ್ಸಲ್ ತಲೆಕೆಳಗಾದರೆ ಚಕ್ರ ಉಲ್ಟಾ ತಿರುಗುತ್ತದೆ ಎಂಬುದು ಗ್ಯಾರೇಜಿನಲ್ಲಿ ನಿನ್ನೆ ಸೇರಿದವನಿಗೂ ಗೊತ್ತಂತೆ.

ಮಗ್ಗ ಬಿಟ್ಟು ಹೊರಗೆ ಬಂದ ನೇಕಾರ ಅಜ್ಜ ಸುಮ್ಮನಿರಬೇಕಲ್ಲ. “ಯಾಕೋ ಮಿಸ್ತ್ರಿ, ಹೇಣ್ತೀನ ಕರಿಯಾಕ ಹೊಂಟೀಯೋ, ಆಕೀಗೆ ಅಂಜಿ ಓಡಿ ಹೊಂಟೀಯೋ?”

ಓಣಿಯೆಲ್ಲ ನಕ್ಕಿತು. ಮಿಸ್ತ್ರಿಯೂ ನಕ್ಕರು. ರಿವರ್ಸ್ ಗೇರ್ ಹಾಕಿ ಗಾಡಿಯನ್ನು ಮುಂದಕ್ಕೆ ತಂದು ನಿಲ್ಲಿಸುವಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಗಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ತಟ್ಟೆ ಕಿತ್ತು ಬೆಸೆದದ್ದೇ ಆಯಿತು, ಪೈಪಿಗೆ ಏನೂ ಆಗಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಸಂಜೆ ಗೋಡೆಯ ಹತ್ತಿರ ಬಂದರು. ಹೆಂಡತಿಯನ್ನು ಕರೆತರಲು ಹೋಗುವಾಗ ಮನೆತನದ ಹೆಣ್ಣುಮಗಳೊಬ್ಬಳು ಜೊತೆಗಿರಬೇಕು, ಉಡಿ ತುಂಬಿ ಕರೆಯಬೇಕು. ಅವರಿಗೆ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ.

“ನೀವು ಬಂದ್ರ ಆಕೀಗೆ ಮರ್ಯಾದಿ ರೀ, ಅಕ್ಕೋರ.”

ನನ್ನನ್ನು ಮನೆಯವಳೆಂದು ಎಣಿಸಿದರಲ್ಲ ಎಂದು ಹಿಗ್ಗಾಯಿತು. ಯಾವ ಕೆಲಸಕ್ಕೆ ಎಣಿಸಿದರು ಎಂದು ನೆನೆದಾಗ ಆ ಹಿಗ್ಗು ಇಳಿಯಿತು. ಬರ್ತೀನ್ರಿ ಎಂದೆ.

ಭಾನುವಾರ ಬೆಳಿಗ್ಗೆ ಹೊರಟೆವು. ಮುಂದಿನ ಸೀಟಿಗೆ ಹೊಸ ಕೆಂಪು ರೆಕ್ಸಿನ್ ಹಾಕಿಸಿದ್ದರು, ಅದು ಆಕೆಗೆ. ನಾನು ನಮ್ಮ ಮನೆಯ ಸ್ಟೂಲಿನ ಮೇಲೆ ನಿಂತು ಹೇಗೋ ಹಿಂದೆ ಹತ್ತಿ, ಖಣ, ತೆಂಗಿನಕಾಯಿ, ಅಕ್ಕಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಮುಂಡರಗಿ ದಾಟಿ, ಹಿರೇವಡ್ಡಟ್ಟಿ ದಾಟಿ ಹೊಲದ ದಾರಿಗೆ ಇಳಿದೆವು. ಅರ್ಧ ಚಕ್ರ ಮುಳುಗುವ ಕೆಸರು. ಜೀಪು ನರಳಿತು, ಓಲಾಡಿತು, ಎಲ್ಲಿಯೂ ನಿಲ್ಲಲಿಲ್ಲ. ದೂರದಿಂದಲೇ ಸಪ್ಪಳ ಕೇಳಿ ಆ ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು.

ಆಕೆ ನೀರು ಕೊಟ್ಟಳು. ಚಹಾ ಮಾಡಿದಳು. ಆಮೇಲೆ ಜೀಪಿನ ಸುತ್ತ ಒಂದು ಸುತ್ತು ಬಂದು, ಬಾಗಿಲಿನ ಹತ್ತಿರ ನಿಂತು ಗಂಡನನ್ನು ನೋಡಿದಳು.

“ಇಷ್ಟ ಎತ್ತರ ಮಾಡೀರಲ್ಲ... ಸೀರಿ ಉಟ್ಟಾಕಿ ಹೆಂಗ ಹತ್ತಬೇಕ್ರಿ?”

ಮಿಸ್ತ್ರಿ ಜೀಪನ್ನು ನೋಡಿದರು, ಆಕೆಯ ಕಾಲನ್ನು ನೋಡಿದರು.

“ಮಳಿಗಾಲದಾಗ ಬರ್ರಿ ಅಂದಿದ್ದು, ಬರಾಕ ಆಗಂಗಿಲ್ಲಂತ ಗೊತ್ತಿದ್ದ ಅಂದಿದ್ದುರಿ,” ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ.

“ಸೀದಾ ಹೇಳಬೇಕಿತ್ತು,” ಎಂದರು ಇವರು.

“ಅದಕಿಂತ ಸೀದಾ ಹೆಂಗ ಹೇಳ್ಲಿ? ನೀವು ಗಾಡಿ ಬುಡಕ, ನಾ ಒಲಿ ಮುಂದ. ನಿಮ್ಮ ಮನ್ಯಾಗ ಇಷ್ಟ ವರ್ಷ ನಾ ಒಬ್ಬಾಕೀನ ಇದ್ದೆ. ಇಲ್ಲಿ ನಾಕ ಮಂದಿ ಮಾತಾಡಸ್ತಾರ. ನಾ ಬರಂಗಿಲ್ರಿ.”

ನನಗೆ ಕುಂಕುಮ ಹಚ್ಚಿ, “ಸಿಟ್ಟಾಗಬ್ಯಾಡ್ರಿ ಅಕ್ಕೋರ” ಎಂದು ಕೈ ಹಿಡಿದಳು. ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗಲಿಲ್ಲ. ಆಕೆ ಹೇಳಿದ ಒಂಟಿತನ ನನಗೆ ಗೊತ್ತಿರುವಂಥದೇ. ಅದನ್ನು ಕಳೆಯಲು ನಾನು ಸಂಜೆಯ ಹೊತ್ತು ಕಿವಿಗೊಡುತ್ತಿದ್ದ ಸುತ್ತಿಗೆಯ ಸಪ್ಪಳವೇ ಆಕೆಯನ್ನು ಓಡಿಸಿತ್ತು. ಇಬ್ಬರೂ ಒಂದೇ ಗಾಡಿಯ ಕೆಳಗಿನ ಅವೇ ಎರಡು ಕಾಲುಗಳನ್ನು ನೋಡಿದವರು...

ತಿರುಗಿ ಬರುವಾಗಲೂ ನಾನು ಹಿಂದೆಯೇ ಕುಳಿತೆ. ಕೆಂಪು ಸೀಟು ಖಾಲಿ ಇತ್ತು. ಡಾಂಬರು ರಸ್ತೆ ಸಿಕ್ಕಲ್ಲಿ ಗಾಡಿ ನಿಲ್ಲಿಸಿ, ಕಟ್ಟಿಗೆಯ ಚೂರಿನಿಂದ ಚಕ್ರಕ್ಕೆ ಮೆತ್ತಿದ ಮಣ್ಣನ್ನು ಕೆರೆಯುತ್ತ ಕುಳಿತರು. ಬಹಳ ಹೊತ್ತು ಕೆರೆದರು.

“ಎಲ್ಲೂ ಹುಗೀಲಿಲ್ಲ ನೋಡ್ರಿ ಅಕ್ಕೋರ, ಗಾಡಿ,” ಎಂದರು ತಲೆಯೆತ್ತದೆ.

“ಇಲ್ರಿ. ಎಲ್ಲೂ ಹುಗೀಲಿಲ್ಲ,” ಎಂದೆ.

ಮರುವಾರ ಅವರು ಆ ಜೀಪಿನ ಎಡಗಡೆಗೆ ಒಂದು ಮೆಟ್ಟಿಲು ಬೆಸೆದರು. ಅಗಲವಾದದ್ದು, ಕಾಲು ಜಾರದ ಹಾಗೆ ಮೇಲೆ ಗೀರು ಹಾಕಿದ್ದು, ಸೀರೆ ಸಿಕ್ಕಿಕೊಳ್ಳದ ಹಾಗೆ ಅಂಚು ಉಜ್ಜಿದ್ದು. ಯಾರಿಗಾಗಿ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಚಹಾ ಕೊಟ್ಟು ಗೋಡೆಯ ಈಚೆಯಿಂದ ನೋಡುತ್ತಿದ್ದೆ. ಆ ವರ್ಷ ಮುಗಿಯುವುದರೊಳಗೆ ನನಗೆ ಮತ್ತೆ ವರ್ಗವಾಯಿತು.

ಈಗ ಹುಲಕೋಟಿಯಲ್ಲಿ ಒಬ್ಬಳೇ ಇದ್ದೇನೆ. ಮಿಸ್ತ್ರಿ ತೀರಿಕೊಂಡು ಬಹಳ ವರ್ಷವಾಯಿತೆಂದು ಗೊತ್ತಾದದ್ದು ಕೂಡ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಯಾರದೋ ಮಾತಿನಿಂದ. ಜೀಪು ಯಾರ ಪಾಲಾಯಿತೋ ತಿಳಿಯಲಿಲ್ಲ. ಆ ಮೆಟ್ಟಿಲಿನ ಮೇಲೆ ಯಾರಾದರೂ ಕಾಲಿಟ್ಟರೋ ಇಲ್ಲವೋ, ಅದೂ ತಿಳಿಯದು. ನಾನಿದ್ದಷ್ಟು ದಿನ ಯಾರೂ ಇಡಲಿಲ್ಲ. ಒಮ್ಮೆ ಹತ್ತಿ ನೋಡ್ಲ್ಯಾ ಎಂದು ನಾನಾದರೂ ಕೇಳಬಹುದಿತ್ತು.